ಸಾಲಿನ ಕೊನೆಯವನು

ಅಡಿಕೆ ಬೇಯುವ ಹಂಡೆಯ ಮುಂದೆ ಕೂತರೆ ಮಾತು ತಾನಾಗಿ ಹುಟ್ಟುತ್ತದೆ. ಹೋದ ಡಿಸೆಂಬರಿನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಚಪ್ಪರದಡಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದರು. ಒಲೆಯ ಉರಿ ನೋಡಿಕೊಳ್ಳುವ ಕೆಲಸ ನನಗೂ ತಂಗಿಯ ಮಗಳಿಗೂ ಬಿದ್ದಿತ್ತು. ಅವಳಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ.

"ಮಾವ, ಅಲ್ಲಿ ನಮ್ಮೋರ ಸಂಘ ಇರುತ್ತಂತಲ್ಲ, ಹೋದ ಕೂಡಲೇ ಸೇರ್ಕೊಳ್ಳೋದು ಒಳ್ಳೇದಾ?"

"ನಮ್ಮೋರು ಅಂದ್ರೆ ಯಾರೇ?"

ಅವಳು ನಕ್ಕಳು. ಕನ್ನಡದವರೋ, ಇಂಡಿಯಾದವರೋ, ಜಾತಿಯವರೋ, ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಈ ಕಥೆ ಹೇಳಿದೆ.

ನಾನು ಅಲ್ಲಿಗೆ ಹೋದದ್ದು 1997ರಲ್ಲಿ. ಮಿಡ್‌ವೆಸ್ಟಿನ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ. ಬಾಡಿಗೆ ಅಗ್ಗವೆಂದು ಒಬ್ಬ ಕಪ್ಪು ಹುಡುಗನ ಜೊತೆ ಮನೆ ಹಂಚಿಕೊಂಡೆ. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ನನ್ನ ಅಮ್ಮ ಫೋನಿನಲ್ಲಿ ಅವನ ಬಗ್ಗೆ ಕೇಳುತ್ತಿದ್ದದ್ದೇ "ಆ ಉದ್ದನೆ ಹುಡುಗ ಊಟ ಮಾಡಿದ್ನಾ?" ಎಂದು. ಹಾಗಾಗಿ ಈ ಕಥೆಯಲ್ಲೂ ಅವನು ಉದ್ದನೆಯವನೇ ಇರಲಿ.

ಫೆಬ್ರವರಿ ಬರುತ್ತಿದ್ದಂತೆ ಉದ್ದನೆಯವನ ಚರ್ಯೆ ಬದಲಾಯಿತು. ರಾತ್ರಿ ಮನೆಯಲ್ಲಿಲ್ಲ. ಕೇಳಿದರೆ, ಓದುವುದಿತ್ತು ಅನ್ನುತ್ತಿದ್ದ. ಒಂದು ನಸುಕಿಗೆ ಬಚ್ಚಲಿನಿಂದ ಅವನ ದನಿ ಕೇಳಿಸಿತು. ಮಗ್ಗಿ ಹೇಳುವವರ ಹಾಗೆ ಒಂದೇ ಉಸಿರಿನಲ್ಲಿ ಹೆಸರುಗಳು: ಕ್ಯಾಲಿಸ್, ಚಾಪ್‌ಮನ್, ಜೋನ್ಸ್, ಕೆಲಿ, ಮರ್ರೆ, ಓಗ್ಲ್, ಟ್ಯಾಂಡಿ. ಮತ್ತೆ ಮೊದಲಿಂದ. ನಿದ್ದೆಗಣ್ಣಿನಲ್ಲೇ ಎಣಿಸಿದೆ, ಏಳು. ಸಪ್ತರ್ಷಿಗಳ ಹಾಗೆ ಏಳು ಜನ, ಯಾರಪ್ಪಾ ಇವರು ಅಂದುಕೊಂಡು ಮಗ್ಗುಲಾದೆ.

ಏಪ್ರಿಲಿನ ಒಂದು ಸಂಜೆ ಲೈಬ್ರರಿಯ ಮುಂದಿನ ಬಯಲಲ್ಲಿ ಜನ ಜಾತ್ರೆಯಂತೆ ನೆರೆದಿದ್ದರು. ಅಷ್ಟು ಕಪ್ಪು ಜನರನ್ನು ಆ ಕ್ಯಾಂಪಸ್ಸಿನಲ್ಲಿ ಒಟ್ಟಿಗೆ ನಾನು ಕಂಡೇ ಇರಲಿಲ್ಲ. ಅಜ್ಜಿಯಂದಿರು, ಕೈಗೂಸುಗಳು, ಟೈ ಕಟ್ಟಿದ ಮುದುಕರು. ಇದ್ದಕ್ಕಿದ್ದಂತೆ ಗದ್ದಲ ನಿಂತಿತು. ಕಪ್ಪು ಬಟ್ಟೆ, ಮುಖಕ್ಕೆ ಮುಸುಕು, ಒಬ್ಬನ ಬೆನ್ನಿಗೆ ಇನ್ನೊಬ್ಬನ ಎದೆ ತಾಗುವಷ್ಟು ಒತ್ತಾಗಿ ಎಂಟು ಜನ ಒಂದೇ ಹೆಜ್ಜೆಯಲ್ಲಿ ಬಂದರು. ಗಿಡ್ಡನವ ಮುಂದೆ, ಎತ್ತರದವ ಹಿಂದೆ. ಕೊನೆಯವನ ಭುಜ ನೋಡಿದ ಕೂಡಲೇ ಗುರುತು ಹತ್ತಿತು.

ಆಮೇಲೆ ಕಾಲು ಮಾತಾಡಿತು. ಚೆಂಡೆಯಿಲ್ಲ, ಮದ್ದಳೆಯಿಲ್ಲ. ಬೂಟು ನೆಲಕ್ಕೆ, ಅಂಗೈ ತೊಡೆಗೆ, ಅಂಗೈ ಅಂಗೈಗೆ. ಎಂಟು ಮೈಗಳಿಂದ ಒಂದೇ ತಾಳ. ನಡುವೆ ಕೂಗಿ ಚರಿತ್ರೆ ಒಪ್ಪಿಸಿದರು, ಆ ಏಳು ಹೆಸರು ಮತ್ತೆ ಬಂದವು. ಮುಸುಕು ಕಳಚಿದಾಗ ಗುಂಪಿನೊಳಗಿಂದ ಒಬ್ಬ ಮುದುಕರು "ಓ-ಸಿಕ್ಸ್!" ಎಂದು ಕೂಗಿದರು. ಎಂಟೂ ಜನ ಅದನ್ನೇ ತಿರುಗಿ ಕೂಗಿದರು.

ಆ ರಾತ್ರಿ ನಾನು ಚಿತ್ರಾನ್ನ ಮಾಡಿದ್ದೆ. ಅವನ ದನಿ ಪೂರ್ತಿ ಬಿದ್ದುಹೋಗಿತ್ತು. ಪಿಸುಗುಟ್ಟುತ್ತಲೇ ಬಿಡಿಸಿ ಹೇಳಿದ.

ಓ-ಸಿಕ್ಸ್ ಅಂದರೆ 1906. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ. ಹಿಂದಿನ ವರ್ಷ ಅಲ್ಲಿ ಓದುತ್ತಿದ್ದ ಆರು ಕಪ್ಪು ವಿದ್ಯಾರ್ಥಿಗಳು ಮರುವರ್ಷ ವಾಪಸು ಬರಲಿಲ್ಲ. ಓದಲು ಬಾರದವರಲ್ಲ ಅವರು. ಆದರೆ ಜೊತೆಗೆ ಕೂತು ಓದುವವರಿಲ್ಲ, ಕರೆದು ಉಣ್ಣುವವರಿಲ್ಲ. ಬಿಳಿಯ ಹುಡುಗರಿಗೆ ಫ್ರೆಟರ್ನಿಟಿ ಎಂಬ ಬಂಗಲೆಗಳಿದ್ದವು, ಊಟ ವಸತಿ ನಂಟು ಎಲ್ಲ ಅಲ್ಲೇ. ಕಪ್ಪು ಹುಡುಗರಲ್ಲಿ ಕೆಲವರು ಆ ಬಂಗಲೆಗಳಿಗೆ ಹೋಗುತ್ತಿದ್ದದ್ದು ಬಡಿಸುವ ಕೆಲಸಕ್ಕೆ. ಉಳಿದವರು ಮೊದಲು ಕೂಡಿ ಓದುವ ಗುಂಪು ಮಾಡಿಕೊಂಡರು. ಡಿಸೆಂಬರ್ 4ಕ್ಕೆ ಅದೇ ಆಲ್ಫಾ ಫೈ ಆಲ್ಫಾ ಆಯಿತು. ಆ ಏಳು ಜನ ಅದರ ಮೂಲಪುರುಷರು.

"ಹುಡುಗಿಯರು?" ಎಂದು ತಂಗಿಯ ಮಗಳು ಒಲೆಗೆ ಒಂದು ಸೌದೆ ನೂಕಿ ಕೇಳಿದಳು.

ಹುಡುಗಿಯರದು ಸೊರೊರಿಟಿ. ಮೊದಲನೆಯದು ಆಲ್ಫಾ ಕಪ್ಪಾ ಆಲ್ಫಾ, ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ 1908ರ ಜನವರಿ 15ಕ್ಕೆ ಹುಟ್ಟಿದ್ದು. ನನ್ನ ವೀಸಾ ಕಾಗದ ನೋಡಿಕೊಳ್ಳುತ್ತಿದ್ದ ಆಫೀಸಿನ ಹಿರಿಯ ಹೆಂಗಸು ಆ ತಾರೀಖಿನಂದು ಗುಲಾಬಿ ಮತ್ತು ಹಸಿರು ಉಟ್ಟು, ಕೊರಳಿಗೆ ಮುತ್ತಿನ ಸರ ಹಾಕಿ ಬಂದಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದೂ ಅದೇ ತಾರೀಖು, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಅದು ಅವರ ಸಂಘದ ಬಣ್ಣವೆಂದು ತಿಳಿದದ್ದು ಈ ಚಿತ್ರಾನ್ನದ ರಾತ್ರಿ. ಅರವತ್ತು ದಾಟಿದವರಿಗೆ ಕಾಲೇಜಿನ ಸಂಘವೇಕೆ ಎಂದೆ. "ಇದು ಡಿಗ್ರಿಯ ಜೊತೆ ಮುಗಿಯೋದಲ್ಲ, ಸಾಯೋತನಕ" ಅಂದ. ಊರೂರಲ್ಲಿ ಓದು ಮುಗಿಸಿದವರ ಶಾಖೆಗಳಿವೆ. "ಓ-ಸಿಕ್ಸ್" ಕೂಗಿದ ಮುದುಕರು ಹಾಗೆ ಬಂದವರು. ಕಿಂಗ್ ಕೂಡ ಆಲ್ಫಾದವರೇ, ಸೇರಿದ್ದು 1952ರಲ್ಲಿ, ಬಾಸ್ಟನ್ನಿನಲ್ಲಿ ಓದುವಾಗ.

ಇನ್ನೊಂದು ಸೊರೊರಿಟಿ, ಡೆಲ್ಟಾ ಸಿಗ್ಮಾ ಥೀಟಾ. ಹಾವರ್ಡಿನ 22 ಹುಡುಗಿಯರು 1913ರ ಜನವರಿಯಲ್ಲಿ ಕಟ್ಟಿದ್ದು. ಎರಡು ತಿಂಗಳು ತುಂಬುವುದರೊಳಗೆ, ಮಾರ್ಚ್ 3ರಂದು, ವಾಷಿಂಗ್ಟನ್ನಿನ ಬೀದಿಯಲ್ಲಿ ಹೆಂಗಸರಿಗೆ ಓಟು ಬೇಕೆಂಬ ಮೆರವಣಿಗೆಗೆ ಇಳಿದರು. ಓಟು ಕೇಳುತ್ತಿದ್ದ ಬಿಳಿಯ ಹೆಂಗಸರಲ್ಲೇ ಎಷ್ಟೋ ಜನಕ್ಕೆ ಕಪ್ಪು ಹೆಂಗಸರು ಜೊತೆಗೆ ನಡೆಯುವುದು ಬೇಡವಾಗಿತ್ತು. ಆದರೂ ನಡೆದರು.

"ಇಂಥವು ಒಟ್ಟು ಒಂಬತ್ತು" ಅಂದ ಉದ್ದನೆಯವ. "ಡಿವೈನ್ ನೈನ್ ಅಂತೀವಿ." ಒಂಬತ್ತನೆಯದು 1963ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟಿದ್ದು. ಹೊಡೆತ ಬಡಿತದ ಮಾತೂ ಬಂತು. ನಮ್ಮ ರ‍್ಯಾಗಿಂಗಿನಂಥದು ಅಲ್ಲೂ ಇತ್ತು, ಪ್ರಾಣ ಹೋದದ್ದೂ ಉಂಟು. 1990ರಲ್ಲಿ ಸಂಘಗಳೆಲ್ಲ ಸೇರಿ ಹಳೆಯ ದೀಕ್ಷೆಯ ಪದ್ಧತಿಯನ್ನೇ ನಿಲ್ಲಿಸಿದವು, ಆದರೂ ಕದ್ದುಮುಚ್ಚಿ ನಡೆಯುವುದು ನಿಲ್ಲಲಿಲ್ಲ. ಅದನ್ನು ಹೇಳುವಾಗ ಅವನು ತಟ್ಟೆ ನೋಡುತ್ತಿದ್ದ.

ನನಗೆಲ್ಲ ಅರ್ಥವಾಯಿತು ಅನ್ನಿಸಿತು. "ಗೊತ್ತಾಯ್ತು ಬಿಡು, ನಮ್ಮಲ್ಲೂ ಇದೆ, ಜಾತಿ ಸಂಘ" ಅಂದೆ. ನಾನು ಕಾಲೇಜು ಓದಿದ್ದೇ ನಮ್ಮ ಜನಾಂಗದ ಹಾಸ್ಟೆಲ್ಲಿನಲ್ಲಿ. ಊರೂರು ತಿರುಗಿ ಅಕ್ಕಿ, ಕಾಯಿ ಎತ್ತಿ ಹಿರಿಯರು ಕಟ್ಟಿದ ಹಾಸ್ಟೆಲು. ಅದಿಲ್ಲದಿದ್ದರೆ ನಾನು ತೋಟದಲ್ಲೇ ಇರುತ್ತಿದ್ದೆ. ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದೆ.

ಅವನು ಕೇಳಿಸಿಕೊಂಡ. "ನಮ್ಮಲ್ಲಿ ಬಿಳಿಯರೂ ಸೇರಬಹುದು. 1940ರ ದಶಕದಲ್ಲೇ ಬಾಗಿಲು ತೆಗೆದಾಯ್ತು" ಅಂದ. ಆಮೇಲೆ ಕೇಳಿದ: "ನಿಮ್ಮ ಹಾಸ್ಟೆಲಿಂದ ಯಾರನ್ನಾದರೂ ವಾಪಸು ಕಳಿಸಿದ್ದುಂಟಾ?"

ಜೂನ್ ತಿಂಗಳು, ಹುಯ್ಯೋ ಅಂತ ಮಳೆ. ನಮ್ಮ ಕ್ಲಾಸಿಗೆ ಮೊದಲು ಬರುತ್ತಿದ್ದ ಹುಡುಗ ಟ್ರಂಕು ತಲೆಯ ಮೇಲಿಟ್ಟುಕೊಂಡು ಹಾಸ್ಟೆಲಿಗೆ ಬಂದಿದ್ದ. ವಾರ್ಡನ್ನು ಸರ್ಟಿಫಿಕೇಟಿನಲ್ಲಿ ಅಂಕ ಓದಿದರು, ತಲೆದೂಗಿದರು. ಜಾತಿಯ ಕಾಲಂ ಓದಿದರು, ಸರ್ಟಿಫಿಕೇಟು ಮಡಿಸಿ ಕೊಟ್ಟರು. ಬೈಯಲೂ ಇಲ್ಲ ಪಾಪ, ಮಳೆ ನಿಲ್ಲೋತನಕ ಜಗಲಿ ಮೇಲೆ ಕೂತ್ಕೋ ಅಂದರು. ನಾನು ಊಟದ ಪಂಕ್ತಿಯಲ್ಲಿದ್ದೆ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಸಾರು ಬಂತು, ಹಾಕಿಸಿಕೊಂಡೆ. ದಿನಾ ಬಸ್ಸಿನಲ್ಲಿ ಓಡಾಡಿ ಆ ವರ್ಷ ಹೇಗೋ ಮುಗಿಸಿದ. ಮರುವರ್ಷ ಅವನು ಬರಲಿಲ್ಲ.

ಇಷ್ಟನ್ನು ಉದ್ದನೆಯವನಿಗೆ ಹೇಳಿ ಮುಗಿಸುವಾಗ ಮಧ್ಯರಾತ್ರಿ ದಾಟಿತ್ತು. ಅವನು ತೀರ್ಪು ಹೇಳಲಿಲ್ಲ. "ನಾನು ಸಾಲಿನ ಟೇಲ್. ಕೊನೆಯವನಿಗೆ ಎಲ್ಲರ ಬೆನ್ನೂ ಕಾಣುತ್ತೆ, ಅದೇ ಕಷ್ಟ" ಅಂದು ಎರಡೂ ತಟ್ಟೆ ತೊಳೆದಿಟ್ಟು ಮಲಗಿದ.

ತಂಗಿಯ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಹಂಡೆಯಲ್ಲಿ ಚೊಗರು ಕೆಂಪಗೆ ಕುದಿಯುತ್ತಿತ್ತು.

"ಹಾಗಾದ್ರೆ ಸಂಘ ಸೇರೋದು ಬೇಡ್ವಾ ಮಾವ?"

"ಸೇರು. ಅಲ್ಲಿ ಒಬ್ಬೊಬ್ಬರೇ ಇದ್ದು ಬದುಕೋಕಾಗಲ್ಲ. ಜಗಲಿ ಮೇಲೆ ಯಾರಿದಾರೆ ಅಂತ ಮಾತ್ರ ಆಗಾಗ ನೋಡು."

"ನಿಮ್ಮ ಹಾಸ್ಟೆಲು ಈಗ?"

ಹೊಸ ಕಟ್ಟಡಕ್ಕೆ ದೇಣಿಗೆ ಕೊಡಿ ಎಂದು ಹೋದ ವರ್ಷ ನನಗೂ ಕಾಗದ ಬಂದಿತ್ತು. ಕೊಡುತ್ತೇನೆ, ಜಾತಿಯ ಕಾಲಂ ಇಲ್ಲದ ಅರ್ಜಿ ನಮೂನೆಯೊಂದನ್ನು ಅಚ್ಚು ಹಾಕಿಸಿ ಕಳಿಸಿ ಎಂದು ಬರೆದಿದ್ದೆ. ಉತ್ತರ ಇನ್ನೂ ಬಂದಿಲ್ಲ. ಅದನ್ನೇ ಅವಳಿಗೆ ಹೇಳಿದೆ. ಅಷ್ಟರಲ್ಲಿ ತಂಗಿ ಚಪ್ಪರದಿಂದ ಕೂಗಿದಳು, ಮುಂದಿನ ಬುಟ್ಟಿ ತಯಾರಾಗಿತ್ತು.