ಮೂರು ಬೆಳೆ, ಒಂದು ಪ್ರಶ್ನೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಘಟಕ, ಏಳನೇ ತರಗತಿಯ ‘ಸಸ್ಯಗಳಲ್ಲಿ ಸಂತಾನೋತ್ಪತ್ತಿ’. ಹೂವಿನ ಭಾಗಗಳನ್ನು ತೋರಿಸಲು ದಾಸವಾಳ ಒಳ್ಳೆಯದೇ. ಆದರೆ ಪರಾಗ ಹೇಗೆ ಸಾಗುತ್ತದೆ ಎಂಬುದಕ್ಕೆ ಮಕ್ಕಳ ಹೊಲದ ಬೆಳೆಗಳನ್ನೇ ಪಾಠಯೋಜನೆಗೆ ಆರಿಸಿಕೊಂಡೆ.

ಶೇಂಗಾ ಹೂವಿನಲ್ಲಿ ಸಾಮಾನ್ಯವಾಗಿ ಸ್ವಕೀಯ ಪರಾಗಸ್ಪರ್ಶವೇ ನಡೆಯುತ್ತದೆ. ಮೆಕ್ಕೆಜೋಳದ ತುದಿಯ ಗಂಡು ಹೂಗಳಿಂದ ಪರಾಗ ಗಾಳಿಯಲ್ಲಿ ಹಾರಿ ತೆನೆಯ ಕೂದಲಿಗೆ ಅಂಟುತ್ತದೆ. ಸೂರ್ಯಕಾಂತಿಯದು ಬೇರೆ ಲೆಕ್ಕ. ಒಂದು ತೆನೆ ಎಂದರೆ ನೂರಾರು ಪುಟ್ಟ ಹೂಗಳು. ಪ್ರತಿ ಹೂವೂ ಮೊದಲು ಪರಾಗ ಚೆಲ್ಲಿ, ಆಮೇಲೆ ಶಲಾಕಾಗ್ರವನ್ನು ತೆರೆಯುತ್ತದೆ. ಪರಾಗ ಅಂಟಂಟು, ಗಾಳಿಗೆ ಅಷ್ಟಾಗಿ ಹಾರದು. ಜೇನು ಬಾರದಿದ್ದರೆ ಜೊಳ್ಳು ಹೆಚ್ಚು.

ಇಷ್ಟು ಹೇಳುವಾಗ ಒಬ್ಬ ಹುಡುಗಿ ಎದ್ದು, “ನಮ್ಮವ್ವ ಮುಂಜಾನೆ ಕೈಗೆ ಬಟ್ಟೆ ಸುತ್ಕೊಂಡು ತೆನೆ ಸವರ್ತಾಳ್ರಿ ಟೀಚರ್” ಎಂದಳು. ಜೇನು ಕಡಿಮೆಯಾದಾಗ ಕೃಷಿ ತಜ್ಞರು ಹೇಳಿಕೊಡುವ ಕ್ರಮವೂ ಇದೇ. ಜೇನು ಕೂಲಿಯಿಲ್ಲದೆ ಮಾಡುವ ಕೆಲಸವನ್ನು ಆ ತಾಯಿ ಒಂದೊಂದೇ ತೆನೆಗೆ ಮಾಡುತ್ತಿದ್ದಾಳೆ ಎಂದಾಗ ತರಗತಿ ಸುಮ್ಮನಾಯಿತು.

ಆಗ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: “ಹಂಗಾದ್ರ ಹೂ ಬಿಟ್ಟಾಗ ಎಣ್ಣಿ ಹೊಡೆದ್ರ ಜೇನು ಸಾಯ್ತಾವಲ್ರಿ? ನಮ್ಮಪ್ಪ ಹೊಡೀತಾನ್ರಿ.” ಇಲ್ಲಿ ಎಣ್ಣೆ ಎಂದರೆ ಕೀಟನಾಶಕ. ಹೌದು ಎಂದಷ್ಟೇ ಹೇಳಿದರೆ ಎಲ್ಲರೆದುರು ಅವನ ಅಪ್ಪ ತಪ್ಪಿತಸ್ಥನಾಗುತ್ತಾನೆ. ಬೆಳೆಗೆ ಹುಳ ಬಿದ್ದರೆ ಆ ಮನೆಯ ವರ್ಷದ ಗಂಜಿಯೇ ಹೋಗುತ್ತದೆ. ಸುಮ್ಮನಿದ್ದರೆ ವಿಜ್ಞಾನಕ್ಕೆ ಮೋಸ.

ಉತ್ತರ ಹೇಳುವ ಬದಲು ಕೆಲಸ ಕೊಟ್ಟೆ: ಮುಂಜಾನೆ, ಮಧ್ಯಾಹ್ನ, ಸಂಜೆ ಒಂದೇ ತೆನೆಯ ಮುಂದೆ ಐದೈದು ನಿಮಿಷ ನಿಂತು, ಬಂದ ಜೇನುಹುಳು ಎಣಿಸಿ. ಮರುದಿನ ಎಲ್ಲರ ಪಟ್ಟಿಯೂ ಒಂದೇ ಮಾತು ಹೇಳಿತು: ಮುಂಜಾನೆ ಹೆಚ್ಚು, ಹೊತ್ತು ಮುಳುಗುವಾಗ ಇಲ್ಲವೆನ್ನುವಷ್ಟು ಕಡಿಮೆ. ಹೂ ಬಿಟ್ಟಾಗ ಸಿಂಪಡಣೆ ಬೇಡ, ತಪ್ಪದಿದ್ದರೆ ಸಂಜೆ ಎಂಬುದನ್ನು ಮಕ್ಕಳೇ ಹೇಳಿದರು. ಪ್ರಶ್ನೆ ಕೇಳಿದ ಹುಡುಗ ತನ್ನ ಪಟ್ಟಿಯನ್ನು ಮಡಚಿ ಮನೆಗೆ ಒಯ್ದ.

ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಸ್ವಲ್ಪವಾದರೂ ಪರಾಗಸ್ಪರ್ಶಿ ಜೀವಿಗಳನ್ನು ನೆಚ್ಚಿವೆ. ಈ ಅಂಕಿಯನ್ನು ನಾನು ಕೊನೆಗೆ ಹೇಳಿದೆ. ಅಷ್ಟರಲ್ಲಿ ಅದು ಅವರ ಹೊಲದ ಮಾತಾಗಿತ್ತು. ಈ ಘಟಕ ತೆಗೆದುಕೊಳ್ಳುವ ಸಹಪ್ರಶಿಕ್ಷಣಾರ್ಥಿಗಳು ಗೃಹಪಾಠದ ಅಂಕಣದಲ್ಲಿ ಪ್ರಶ್ನೋತ್ತರದ ಜಾಗಕ್ಕೆ ಒಂದು ದಿನದ ಎಣಿಕೆ ಇಡಲಿ ಎಂಬುದು ನನ್ನ ಕೋರಿಕೆ.