ತಲೆದೆಸೆಯ ಮೇಜು

ಮನೆಗೆ ಬಂದ ನಂಟರಿಗೆ ಊಟವೇನು, ಹಾಸಿಗೆಯೇನು ಎಂದು ಚಿಂತಿಸುವ ಗೃಹಸ್ಥರು ಬಹಳ ಮಂದಿ. ದೀಪವಾರಿದ ಮೇಲೆ ಅವರು ತಮ್ಮ ಕನ್ನಡಕವನ್ನು ಎಲ್ಲಿಡುವರೆಂದು ಚಿಂತಿಸುವವರು ವಿರಳ. ಹಿಂದಿನವರಿಗೆ ಈ ಚಿಂತೆಯಿರಲಿಲ್ಲ. ಮೊಳದಗಲದ ಮಣ್ಣಿನ ಗೋಡೆಯಲ್ಲಿ ಗೂಡೊಂದಿರುತ್ತಿತ್ತು. ಎಣ್ಣೆಯ ದೀಪ, ಎಲೆಯಡಿಕೆಯ ಚೀಲ, ಅಜ್ಜನ ನಶ್ಯದ ಡಬ್ಬಿ, ಎಲ್ಲಕ್ಕೂ ಅದರಲ್ಲಿ ಎಡೆಯುಂಟು. ಮಲಗುತ್ತಿದ್ದುದು ನೆಲಕ್ಕೆ ಚಾಪೆ ಹಾಸಿ. ಲೋಟ ಕವುಚಿದ ನೀರಿನ ಚೆಂಬು ಕೈ ಚಾಚಿದರೆ ಸಿಗುತ್ತಿತ್ತು. ಕಾಲ ಕಳೆದಂತೆ ಮನುಷ್ಯನು ಮಂಚವೇರಿದ. ಚೆಂಬು ನೆಲದ ಮೇಲೆಯೇ ಉಳಿಯಿತು. ನಗರದ ಮನೆಗಳ ನಾಲ್ಕೂವರೆ ಅಂಗುಲದ ಗೋಡೆಯಲ್ಲಿ ಗೂಡು ಕೊರೆಯಹೊರಟರೆ ಪಕ್ಕದ ಕೋಣೆಯೇ ಕಂಡೀತು!

ಬೆಂಗಳೂರಿನ ಮನೆಯೊಂದರಲ್ಲಿ ಈ ಸಣ್ಣ ಸಂಗತಿ ದೊಡ್ಡದಾದುದು ಒಬ್ಬ ತಾಯಿಯ ದೆಸೆಯಿಂದ. ಎಪ್ಪತ್ತೆಂಟು ವರ್ಷದ ಅವರು ವರ್ಷಕ್ಕೊಮ್ಮೆ ಮಲೆನಾಡಿನ ಹಳ್ಳಿಯಿಂದ ಮಗನ ಮನೆಗೆ ಬರುವರು. ಹತ್ತಡಿ ಚದರದ ಅತಿಥಿಗಳ ಕೋಣೆಯೇ ಅವರ ಬಿಡಾರ. ಅವರ ಕನ್ನಡಕ ದಿಂಬಿನ ಕೆಳಗೆ, ಮಾತ್ರೆಗಳು ಸೆರಗಿನ ಗಂಟಿನಲ್ಲಿ, ನೀರು ಮಂಚದ ಕೆಳಗೆ; ಉಳಿದುದೆಲ್ಲ ಊರಿಗೆ ಹೊರಡುವವರೆಗೂ ಚೀಲದಲ್ಲಿಯೇ. ಒಂದು ರಾತ್ರಿ ಕಾಲು ತಗುಲಿ ಚೆಂಬು ಉರುಳಿತು. ನುಣುಪಾದ ನೆಲದ ಮೇಲೆ ಕತ್ತಲೆಯಲ್ಲಿ ನೀರು ಚೆಲ್ಲಿದರೆ ವಯಸ್ಸಾದವರಿಗೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಪುಣ್ಯವಶಾತ್ ಹಾಗೇನೂ ಆಗಲಿಲ್ಲ. ಅವರು ಯಾರನ್ನೂ ಎಬ್ಬಿಸದೆ, ತಮ್ಮದೇ ಸೀರೆಯಿಂದ ನೆಲವೊರಸಿ ಮಲಗಿದರು. ಬೆಳಿಗ್ಗೆ ಒದ್ದೆಯ ಸೀರೆಯನ್ನು ಕಂಡು ಸೊಸೆ ಕೇಳಿದಾಗ, “ನಿಮ್ಮ ನಿದ್ದೆ ಯಾಕೆ ಕೆಡಿಸಲಮ್ಮ ಅಂತ ಸುಮ್ಮನಾದೆ” ಎಂದರು.

ಮಗನ ಮನಸ್ಸಿಗೆ ಆ ಮಾತು ನಾಟಿತು. ತಾಯಿ ಮನೆಗೆ ಬಂದಿದ್ದರು, ನಿಜ. ಆದರೆ ಅತಿಥಿಯಾಗಿ ಬಂದಿದ್ದರು.

ಅಂಗಡಿಯಲ್ಲಿ ಕಂಡ ಮೇಜುಗಳು ಆ ಕೋಣೆಗೆ ದೊಡ್ಡವು, ಜೇಬಿಗೆ ಇನ್ನೂ ದೊಡ್ಡವು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಮೇಜಿಗೂ ಸಲ್ಲುವುದೆಂದು ಅವರು ಅಳತೆಪಟ್ಟಿ ಹಿಡಿದರು. ಮಂಚದ ಅಗಲ 5 ಅಡಿ. ಎರಡು ಮಗ್ಗುಲಲ್ಲಿಯೂ ಉಳಿಯುವುದು ಎರಡೂವರೆ ಅಡಿ. ನೆಲದಿಂದ ಹಾಸಿಗೆಯ ಮೇಲ್ಭಾಗಕ್ಕೆ 21 ಅಂಗುಲ. ಮೇಜಿನ ಎತ್ತರವೂ ಅಷ್ಟೇ ಇರಬೇಕು. ಹೆಚ್ಚಾದರೆ ಮಲಗಿದವರ ತೋಳು ನೋಯುವುದು, ಕಡಿಮೆಯಾದರೆ ಮೈ ಬಗ್ಗಿಸಬೇಕಾಗುವುದು. ಅಗಲ ಒಂದಡಿ ಸಾಕು.

ಅಗ್ಗದ ಮರಕ್ಕೆ ಕನ್ನಡನಾಡಿನಲ್ಲಿ ಬರವಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗೆಂದೂ ಮೆಣಸಿನ ಬಳ್ಳಿಯ ಆಸರೆಗೆಂದೂ ಬೆಳೆಸುವ ಸಿಲ್ವರ್ ಓಕ್ ಮರ ತೇಗಕ್ಕಿಂತ ಎಷ್ಟೋ ಅಗ್ಗ. ಸರಕಿನ ಪೆಟ್ಟಿಗೆಗಳನ್ನು ಬಿಚ್ಚಿದ ಪೈನ್ ಹಲಗೆಯೂ ಆದೀತು. ಆದರೆ ವಿದೇಶದಿಂದ ಬಂದ ಪೆಟ್ಟಿಗೆಯಾದರೆ ಅದರ ಮೇಲೆ ತೆನೆಯ ಚಿತ್ರವಿರುವ ಮುದ್ರೆಯನ್ನು ಓದಬೇಕು. ಮರದೊಡನೆ ಕೀಟಗಳು ದೇಶಾಂತರ ಹೋಗದಿರಲೆಂದು 2002ರಲ್ಲಿ ರೂಪಿಸಿದ ಅಂತಾರಾಷ್ಟ್ರೀಯ ನಿಯಮದ ಮುದ್ರೆಯದು. ‘ಎಚ್.ಟಿ.’ ಎಂದಿದ್ದರೆ ಕಾಯಿಸಿ ಕೀಟ ಕೊಂದ ಮರ, ‘ಎಂ.ಬಿ.’ ಎಂದಿದ್ದರೆ ವಿಷದ ಅನಿಲ ಹಾಯಿಸಿದ್ದು. ಎರಡನೆಯದು ಮಲಗುವ ಕೋಣೆಗೆ ಬೇಡ.

ಸಿಲ್ವರ್ ಓಕ್ ಹಲಗೆಯನ್ನು ಬಡಗಿಯಲ್ಲಿಯೇ ಅಳತೆಗೆ ಕೊಯ್ಯಿಸಿದ್ದರಿಂದ ಯಜಮಾನರು ಗರಗಸ ಹಿಡಿಯುವ ಗಂಡಾಂತರ ತಪ್ಪಿತು. ಒಂದೊಂದು ಮೇಜಿಗೂ ಪಕ್ಕಕ್ಕೆರಡು, ಮೇಲೊಂದು, ನಡುವೊಂದು, ಕೆಳಗೊಂದು, ಹೀಗೆ ಐದು ಹಲಗೆ. ಸೇರುವೆಗೆ ಅಂಟು, ಅದರ ಮೇಲೆ ತಿರುಪುಮೊಳೆ. ಮೊಳೆಗೆ ಮೊದಲು ಸಣ್ಣ ರಂಧ್ರ ಕೊರೆಯದಿದ್ದರೆ ಹಲಗೆಯ ಅಂಚು ಸೀಳುವುದು. ಅಂಟು ಆರುವ ಮುನ್ನ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡು ಸಲ ಅಳೆಯಬೇಕು. ಎರಡೂ ಸಮನಾದರೆ ಪೆಟ್ಟಿಗೆ ನೆಟ್ಟಗಿದೆಯೆಂದು ಅರ್ಥ. ಆಮೇಲೆ ಒರಟು ಉಪ್ಪುಕಾಗದ, ಅನಂತರ ನಯವಾದದ್ದು, ಮರದ ಎಳೆಯ ಜಾಡಿನಲ್ಲಿಯೇ ಉಜ್ಜಬೇಕು. ಅಡ್ಡಲಾಗಿ ಉಜ್ಜಿದ ಗೀರು ಮೆರುಗು ಬಳಿದ ಮೇಲೆ ಎದ್ದು ಕಾಣುವುದು. ನೆಲಕ್ಕೆ ಹಾಸಿ ಉಳಿದಿದ್ದ ಒಂದಡಿ ಚದರದ ಟೈಲುಗಳೆರಡು ಮೇಜಿನ ತಲೆಗೇರಿದವು. ಇನ್ನು ಬಿಸಿ ಕಾಫಿಯ ಲೋಟ ಇಟ್ಟರೂ ಕಲೆಯ ಭಯವಿಲ್ಲ. ಕನ್ನಡಕ ಜಾರದಂತೆ ಸುತ್ತಲೂ ಅರ್ಧ ಅಂಗುಲದ ಪಟ್ಟಿ ಬಂತು. ಎರಡನೆಯ ಮೇಜು ಅಜ್ಜಿಯ ಮಗ್ಗುಲಲ್ಲಿ ಮಲಗುವ ಮೊಮ್ಮಗಳದು; ಅವಳ ಫೋನಿನ ತಂತಿಗಾಗಿ ಅದರ ಹಿಂದೆ ಒಂದು ಕಿಂಡಿ.

ಮರುವರ್ಷ ತಾಯಿ ಬಂದರು. ಮೇಜಿನ ಅಂಚನ್ನು ಸವರಿ, “ಇದಕ್ಕೆ ಎಷ್ಟು ಕೊಟ್ಟೆಯೋ?” ಎಂದರು.

“ಕೊಂಡದ್ದಲ್ಲಮ್ಮ, ಮಾಡಿದ್ದು.”

ಅವರು ಅದನ್ನು ಮೆಲ್ಲಗೆ ಅಲ್ಲಾಡಿಸಿ ನಕ್ಕರು. “ಅದೇ ಅಂದುಕೊಂಡೆ. ನಿಮ್ಮಪ್ಪ ಮಾಡಿದ ಮಣೆಯೂ ಹೀಗೇ ಓಲಾಡುತ್ತಿತ್ತು.”

ಮಡಿಸಿದ ರಟ್ಟಿನ ಚೂರೊಂದು ಓಲಾಟವನ್ನು ನಿಲ್ಲಿಸಿತು. ಅಂದು ಸಂಜೆ ಚೀಲ ಬರಿದಾಯಿತು. ಮಾತ್ರೆಯ ಡಬ್ಬಿ, ಜಪಮಾಲೆ, ಕುಂಕುಮದ ಭರಣಿ, ಯಜಮಾನರ ಹಳೆಯದೊಂದು ಭಾವಚಿತ್ರ, ಒಂದೊಂದಾಗಿ ಮೇಜಿನ ಮೇಲೆ ಬಂದವು. ಇಷ್ಟು ವರ್ಷ ಆ ಭಾವಚಿತ್ರವೂ ಚೀಲದಲ್ಲಿಯೇ ಬಂದು ಚೀಲದಲ್ಲಿಯೇ ಹೋಗುತ್ತಿತ್ತೆಂಬುದು ಮನೆಯವರಿಗೆ ಆಗಲೇ ತಿಳಿದದ್ದು.

ಅತಿಥಿ ಬಾಯಿಬಿಟ್ಟು ಕೇಳುವುದಿಲ್ಲ. ಹೆತ್ತವರಂತೂ ಕೇಳುವುದೇ ಇಲ್ಲ. ಆದಕಾರಣ ನಂಟರು ಬರುವ ಹಿಂದಿನ ರಾತ್ರಿ ಮನೆಯ ಯಜಮಾನರು ಆ ಕೋಣೆಯಲ್ಲಿ ತಾವೇ ಒಮ್ಮೆ ಮಲಗಿ, ದೀಪವಾರಿಸಿ, ಕತ್ತಲೆಯಲ್ಲಿ ನೀರಿಗಾಗಿ ಕೈ ಚಾಚಿ ನೋಡುವುದು ಒಳ್ಳೆಯದು. ಏನು ಬೇಕೆಂಬುದನ್ನು ಆ ಕೈಯೇ ಹೇಳುವುದು.