ಬೀಳುವ ಹಲ್ಲಿನ ಬಾಳ್ವೆ

ಮಗುವಿನ ಮೊದಲ ಹಲ್ಲು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳುತ್ತದೆ. ರಾಗಿಮಣ್ಣಿ ತಿನ್ನಿಸುವಾಗ ಚಮಚಕ್ಕೆ ಟಿಣ್ ಎಂದು ಏನೋ ತಾಗುತ್ತದೆ. ಬೆರಳಾಡಿಸಿದರೆ ಕೆಳವಸಡಿನ ನಡುವೆ ಅಕ್ಕಿನುಚ್ಚಿನಂಥ ತುದಿಯೊಂದು ಸಿಗುತ್ತದೆ. ಆ ಹೊತ್ತು ಮನೆಮಂದಿಯೆಲ್ಲ ಕೈ ತೊಳೆದುಕೊಂಡು ಬಂದು ಮುಟ್ಟಿ ನೋಡಬೇಕು. ಆರು ತಿಂಗಳ ಆಸುಪಾಸಿಗೆ ಶುರುವಾಗುವ ಈ ಸಡಗರ ಎರಡೂವರೆ, ಮೂರು ವರ್ಷದ ಹೊತ್ತಿಗೆ ಇಪ್ಪತ್ತು ಹಲ್ಲಾಗಿ ತುಂಬಿಕೊಳ್ಳುತ್ತದೆ.

ಭದ್ರಾವತಿಯ ನಮ್ಮ ಬೀದಿಯಲ್ಲಿ ಇಷ್ಟು ಸಡಗರಪಟ್ಟವರೇ ಆಮೇಲೆ, “ಹೇಗೂ ಬೀಳೋ ಹಲ್ಲು ಕಣ್ರೀ, ಅದಕ್ಯಾಕೆ ಡಾಕ್ಟ್ರು?” ಅನ್ನುತ್ತಾರೆ. ನನಗೆ ಸಂಕಟವಾಗುತ್ತದೆ. ಮುಂದಿನ ಹಲ್ಲೇನೋ ಆರೇಳು ವರ್ಷಕ್ಕೆ ಬೀಳುತ್ತದೆ, ನಿಜ. ಹಿಂದಿನ ದವಡೆಹಲ್ಲು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕು. ಚಪಾತಿ, ಕಡಲೆ, ಕೋಡುಬಳೆ ಎಲ್ಲ ಅಗಿಯುವುದು ಅದರಲ್ಲೇ. ಅಡಿಯಲ್ಲಿ ಬೆಳೆಯುತ್ತಿರುವ ಹಲ್ಲಿಗೆ ಜಾಗ ಕಾಯುವುದೂ ಅದೇ. ಹುಳುಕಾಗಿ ಅಕಾಲಕ್ಕೆ ಕೀಳಿಸಿದರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲಿ, ಬರಬೇಕಾದದ್ದು ಸೊಟ್ಟಗೆ ಬರುತ್ತದೆ.

ಹುಳುಕಿನ ಮೊದಲ ಗುರುತನ್ನು ಮನೆಯಲ್ಲೇ ಹಿಡಿಯಬಹುದು. ಮಗುವಿನ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ. ವಸಡಿನ ಅಂಚಿಗೆ ಹೊಳಪಿಲ್ಲದ, ಸುಣ್ಣದ ಬಿಳಿಯ ಗೆರೆ ಕಂಡರೆ ಅದೇ ಶುರು. ಆಗಲೇ ಡಾಕ್ಟರಿಗೆ ತೋರಿಸಿದರೆ ಫ್ಲೋರೈಡ್ ಲೇಪದಿಂದ ತಡೆಯಬಹುದು. ಬಿಟ್ಟರೆ ಕಂದಾಗಿ, ಕುಳಿಯಾಗುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಿಗೆ ಮೇಲಿನ ಮುಂಹಲ್ಲೇ ಮೊದಲು ಹೋಗುತ್ತದೆ. ಕೆಳಗಿನವನ್ನು ನಾಲಿಗೆ, ಜೊಲ್ಲು ಎರಡೂ ಸೇರಿ ಕಾಯುತ್ತವೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಗಾಗಿ ರಾತ್ರಿಯ ಸಿಹಿಯೇ ಹೆಚ್ಚು ಕೆಟ್ಟದ್ದು.

ನೀರಿನ ಮಾತಿಗೆ ಬಂದರೆ, ಗಂಗಾ ಸ್ನಾನ, ತುಂಗಾ ಪಾನ ಎಂದು ಬೆಳೆದ ಊರಿನವರು ನಾವು. ಆದರೆ ಪಾವಗಡ, ಚಿತ್ರದುರ್ಗದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಕುಡಿಯುವ ನೀರಿನ ಮಿತಿ. ಅದೇ ಫ್ಲೋರೈಡ್ ಪೇಸ್ಟಿನಲ್ಲಿ ಹದವಾಗಿ ತಾಗಿದರೆ ಹಲ್ಲು ಗಟ್ಟಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರಕ್ಕೆ ಬಟಾಣಿಯಷ್ಟು ಪೇಸ್ಟ್ ಸಾಕು. ಬ್ರಷ್ಷಿನ ಉದ್ದಕ್ಕೂ ಹಿಂಡುವುದು ಬೇಡ.

ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಶಿವಮೊಗ್ಗದ ಶರಾವತಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಮಕ್ಕಳ ಹಲ್ಲಿಗೇ ಬೇರೆ ವಿಭಾಗವಿರುತ್ತದೆ. ನಾವು ಮೊಮ್ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಬಿ.ಎಚ್. ರಸ್ತೆಯ ಬಸ್ಸಿನಲ್ಲಿ, ಮಾಚೇನಹಳ್ಳಿ ದಾಟಿ, ಶಿವಮೊಗ್ಗದ ದುರ್ಗಿಗುಡಿಯ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಅಲ್ಲಿನ ಮೇಡಂ ಚಿಕ್ಕವನನ್ನು ಕುರ್ಚಿಗೆ ಹತ್ತಿಸಲಿಲ್ಲ. ನನ್ನ ಮಗಳ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮಗು ಅಮ್ಮನಿಗೆ ಮುಖಮಾಡಿ ಕೂತು, ಹಾಗೇ ಹಿಂದಕ್ಕೆ ಒರಗಿ ಡಾಕ್ಟರ ಮಡಿಲಿಗೆ ತಲೆಯಿಟ್ಟಿತು. ಅಮ್ಮನ ಮುಖ ಕಾಣುತ್ತಲೇ ಇತ್ತು, ಅಳು ಬಂದರೂ ಹೆಚ್ಚು ಹೊತ್ತು ಉಳಿಯಲಿಲ್ಲ.

ದೊಡ್ಡವಳ ಸರದಿಯಲ್ಲಿ ಮೇಡಂ ಪುಟ್ಟ ಕನ್ನಡಿ ತೋರಿಸಿದರು.

“ಇದರಲ್ಲಿ ಹಲ್ಲು ಎಣಿಸ್ತೀನಿ ಪುಟ್ಟಿ. ಮೊದಲು ನಿನ್ನ ಉಗುರು ಎಣಿಸ್ಲಾ?”

ಕನ್ನಡಿ ಉಗುರಿಂದ ಉಗುರಿಗೆ ಹೋಯಿತು. ಗಾಳಿ ಊದುವ ಕೊಳವೆಯೂ ಮೊದಲು ಅಂಗೈಗೆ, ಆಮೇಲೆ ಬಾಯಿಗೆ. ಹೇಳುವುದು, ತೋರಿಸುವುದು, ಆಮೇಲೆ ಮಾಡುವುದು: ಮಕ್ಕಳ ಡಾಕ್ಟರುಗಳೆಲ್ಲ ಕಲಿಯುವ ಕ್ರಮವಂತೆ ಇದು. ಹೊರಗೆ ಬೆಂಚಿನ ಮೇಲೆ ಯಾರೋ, “ಸುಮ್ನಿರು, ಇಲ್ಲಾಂದ್ರೆ ಇಂಜೆಕ್ಷನ್ ಹಾಕಿಸ್ತೀನಿ” ಅನ್ನುತ್ತಿದ್ದರು. ದಯವಿಟ್ಟು ಈ ಮಾತು ಬೇಡ. ಒಳಗೆ ಅಷ್ಟು ತಾಳ್ಮೆಯಿಂದ ಕಟ್ಟಿದ ಧೈರ್ಯವನ್ನು ಅದು ಒಂದೇ ಏಟಿಗೆ ಕೆಡವುತ್ತದೆ.

ಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯುತ್ತಿದ್ದ ಕಾಲದವಳು ನಾನು. ಮೊಮ್ಮಗಳೂ ಮೊನ್ನೆ ಎಸೆದಳು, ಶೀಟಿನ ಮೇಲೆ ಸದ್ದು ಕೇಳಿ ಕುಣಿದಳು. ಹಲ್ಲುಜ್ಜಿಸುವ ಕೆಲಸ ಮಾತ್ರ ಇನ್ನೂ ನನ್ನದೇ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹದ ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾಳೆ. ನೊರೆಯ ನಡುವೆಯೇ ಶಾಲೆಯ ಸುದ್ದಿಯೆಲ್ಲ ಬರುತ್ತದೆ, ಅರ್ಧ ತಿಳಿಯುತ್ತದೆ.

ಈಗ ಎಡಗಡೆ ಕೊನೆಗೆ, ಯಾವ ಹಲ್ಲೂ ಬೀಳದೆಯೇ ಹೊಸದೊಂದು ವಸಡು ಸೀಳಿದೆ. ಹಾಲುಹಲ್ಲೆಂದು ಬಹಳ ಮಂದಿ ಕಡೆಗಣಿಸುವ ಇದು ಆರನೇ ವರ್ಷದ ಶಾಶ್ವತ ದವಡೆಹಲ್ಲು. ಇದಕ್ಕೆ ಬದಲಿ ಹಲ್ಲು ಬರುವುದಿಲ್ಲ. ನೆತ್ತಿಯ ಗೀರುಗಳಲ್ಲಿ ಅನ್ನದಗುಳು ಸಿಕ್ಕಿಕೊಳ್ಳದಂತೆ, ಪೂರ್ತಿ ಮೇಲೆ ಬಂದಮೇಲೆ ಸೀಲೆಂಟ್ ತುಂಬಿಸೋಣ ಎಂದಿದ್ದಾರೆ ಮೇಡಂ. ದಸರಾ ರಜೆಗೆ ಮತ್ತೆ ಶಿವಮೊಗ್ಗದ ಬಸ್ಸು ಹತ್ತಬೇಕು. ಕಿಟಕಿಯ ಪಕ್ಕದ ಸೀಟು ತನಗೇ ಎಂದು ಅವಳು ಈಗಲೇ ತಮ್ಮನಿಗೆ ಹೇಳಿಟ್ಟಿದ್ದಾಳೆ.